ಖಾಲಿ ಬೆಂಚಿನ ಮೂವರು

ಆ ಫೋಟೋ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಂಗೆ ಮರದ ಕೆಳಗೊಂದು ಕಲ್ಲುಬೆಂಚು. ಬೆಂಚಿನ ತುಂಬ ಉದುರಿದ ಹೂವು, ಯಾರೋ ಮಂಡಕ್ಕಿ ಚೆಲ್ಲಿ ಹೋದ ಹಾಗೆ. ನಡುವೆ ಮೂರು ಕಡೆ ಮಾತ್ರ ಹೂವಿಲ್ಲ, ಬರೀ ಕಲ್ಲು. ಫೋಟೋದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇಡೀ ರಗಳೆ ಹುಟ್ಟಿದ್ದೇ ಅಲ್ಲಿ.

ಊರಲ್ಲಿ ನಮ್ಮದೊಂದು ಛಾಯಾಚಿತ್ರ ಬಳಗ ಇತ್ತು. ಛಾಯೆಗಿಂತ ಚಾಯೇ ಜಾಸ್ತಿ ನಡೀತಿತ್ತು ಅಂತ ಆಗದವರು ಹೇಳ್ತಿದ್ರು. ಸುಳ್ಳೇನಲ್ಲ. ಅಧ್ಯಕ್ಷರು ಚಿದಂಬರಯ್ಯ, ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರು. ಊರಿನ ಅರ್ಧ ಜನಕ್ಕೆ ಅಕ್ಷರ ಕಾಣಿಸ್ತಿದ್ದದ್ದು ಅವರ ದಯದಿಂದ. ಬಳಗಕ್ಕೆ ಅವರು ಎರಡು ನೇಮ ಹಾಕಿದ್ರು. ಒಂದು, ಫ್ರೇಮಿನಲ್ಲಿ ಮನುಷ್ಯರು ಬರಬಾರದು. ಬಂದರೆ ಫೋಟೋ ಮೈಲಿಗೆ. ಇನ್ನೊಂದು, ಪ್ರಕೃತಿಯನ್ನ ಮುಟ್ಟಬಾರದು. ಬಿದ್ದ ಎಲೆ ಬಿದ್ದಲ್ಲೇ ಇರಬೇಕು. ಹೀಗಾಗಿ ನಾವೆಲ್ಲ ಕಾಯೋದರಲ್ಲಿ ಪಳಗಿಬಿಟ್ಟಿದ್ವಿ. ಮುದುಕರು ದಾಟಲಿ, ಮಕ್ಕಳು ತೊಲಗಲಿ, ಪ್ರೇಮಿಗಳ ಮುನಿಸು ಮುಗೀಲಿ ಅಂತ ಕ್ಯಾಮೆರಾ ಹಿಡಿದು ಕೊಕ್ಕರೆ ಥರ ನಿಂತಿರೋದು. ಮೈಸೂರು ಪಾಕು ತಿನ್ನೋ ಮದುವೆಮನೆಗೆ ಹೋದ್ರೂ ನಾವು ಖಾಲಿ ಮಂಟಪದ ಫೋಟೋ ತೆಗೆದುಕೊಂಡು ಬರ್ತಿದ್ವಿ.

ಇಂಥ ಬಳಗದ ಮೇಲೆ ಉದ್ಯಾನ ಇಲಾಖೆಗೆ ಪ್ರೀತಿ ಹುಟ್ಟಿತು. ಅದನ್ನ ನಾವು ಉದ್ದ ಧ್ಯಾನ ಇಲಾಖೆ ಅಂತಿದ್ವಿ. ಒಂದು ಕೊಳಾಯಿ ರಿಪೇರಿಗೆ ಅವರು ಕೂತ ಧ್ಯಾನದಲ್ಲಿ ಋಷಿಗಳು ಹುತ್ತ ಕಟ್ಟಿಸಿಕೊಳ್ಳಬಹುದಿತ್ತು. ಅದರ ಅಧೀಕ್ಷಕರು ನಿರಂಜನಪ್ಪ. ಅವರೇ ಅಂಗಡಿಗೆ ಬಂದು, ನಾವೂ ನೀವೂ ಸೇರಿ ಪಾರ್ಕಿನ ಚೆಲುವನ್ನ ಊರಿಗೆ ತೋರಿಸೋಣ, ನೀವು ಫೋಟೋ ತೆಗೀರಿ, ನಾವು ಪ್ರದರ್ಶನ ಇಡ್ತೀವಿ, ಗೆದ್ದವರಿಗೆ ಶಾಲು ಅಂದ್ರು. ಶಾಲು ಅಂದರೆ ಚಿದಂಬರಯ್ಯನವರಿಗೆ ಬೇಸಿಗೇಲೂ ಚಳಿ.

ಪಾರ್ಕಿನ ಹಿಂದಿನ ಮೂಲೇಲಿ ಆ ಹೊಂಗೆ ಮರ. ಮಧ್ಯಾಹ್ನ ಅಲ್ಲಿ ಮನೆಗೆಲಸದ ಹೆಂಗಸರು ಕೂರ್ತಿದ್ರು. ಬೆಳಗಿನ ಪಾತ್ರೆ ಬಟ್ಟೆ ಮುಗಿಸಿ, ಸಂಜೆ ಕೆಲಸ ಶುರುವಾಗೋ ತನಕ ಅವರಿಗೆ ಹೋಗೋಕೆ ಜಾಗ ಇರಲಿಲ್ಲ. ಯಜಮಾನಿಯರು ಉಂಡು ಬಾಗಿಲು ಹಾಕ್ಕೊಂಡು ಮಲಗೋರು. ಇವರ ಮನೆಗಳು ರೈಲ್ವೆ ಗೇಟಿನ ಆಚೆ, ಹೋಗಿ ಬರೋದರಲ್ಲೇ ಹೊತ್ತು ಮುಗೀತಿತ್ತು. ಬುತ್ತಿ ಬಿಚ್ಚೋಕೆ, ಕಾಲು ಚಾಚೋಕೆ, ಯಜಮಾನಿಯರನ್ನ ನಾಲಗೇಲಿ ಒಗೆದು ಹಿಂಡೋಕೆ ಅವರಿಗಿದ್ದದ್ದು ಅದೊಂದೇ ಬೆಂಚು. ಅವರಲ್ಲಿ ಹಿರಿಯಳು ದೊಡ್ಡತಾಯಿ. ಹೆಸರಿಗೆ ತಕ್ಕ ಗಾತ್ರ, ಗಾತ್ರಕ್ಕೆ ತಕ್ಕ ಗಂಟಲು. ಎಡಕ್ಕೆ ಮಾದೇವಿ, ಬಲಕ್ಕೆ ಪುಟ್ನಂಜಿ, ಯಾವಾಗಲೂ.

ಫೋಟೋ ತೆಗೆದ ದಿನ ನಾನು ಚಿದಂಬರಯ್ಯನವರ ಜೊತೇಲೇ ಇದ್ದೆ. ಹೂವು ಸುರೀತಾ ಇತ್ತು, ಬಿಸಿಲು ಎಲೆಗಳಿಂದ ಸೋರ್ತಾ ಇತ್ತು. ಅವರು ತುಂಬ ಹೊತ್ತು ಕಾದ್ರು. ಹೆಂಗಸರು ಏಳಲಿಲ್ಲ. ಕೊನೆಗೆ ಅವರೇ ಹೋಗಿ, ಸ್ವಲ್ಪ ಎದ್ದು ಆಕಡೆ ನಿಲ್ಲಿ ತಾಯಂದಿರಾ ಅಂತ ಕೇಳಿಕೊಂಡ್ರು. ದೊಡ್ಡತಾಯಿ ಸೊಂಟ ಹಿಡಿದುಕೊಂಡು ಎದ್ದು, ಬೆಂಚಿಗೆ ಮದುವೆ ಗೊತ್ತಾಗಿರಬೇಕು, ಅದಕ್ಕೇ ಪಟ ತೆಗೀತಾವ್ರೆ ಅಂತ ಮಾದೇವಿಗೆ ಹೇಳಿದಳು. ಅವರು ಕೂತಿದ್ದ ಕಡೆ ಹೂವು ಬಿದ್ದಿರಲಿಲ್ಲ. ಕಲ್ಲು ಕಾಣ್ತಿತ್ತು. ನಾನು ಕೈತುಂಬ ಹೂವು ಎತ್ತಿ ಅಲ್ಲಿ ಉದುರಿಸೋಕೆ ಹೋದೆ. ಚಿದಂಬರಯ್ಯ ನನ್ನ ಕೈ ಹಿಡಿದುಕೊಂಡ್ರು. ಪ್ರಕೃತಿಯನ್ನ ಮುಟ್ಟಬಾರದು. ಹೂವನ್ನ ಕದಲಿಸೋದು ಪಾಪ, ಹೆಂಗಸರನ್ನ ಎಬ್ಬಿಸೋದು ಕಲೆ. ನಮ್ಮ ಬಳಗದ ಧರ್ಮಸೂಕ್ಷ್ಮ ಅಷ್ಟು ಸೂಕ್ಷ್ಮವಾಗಿತ್ತು.

ಫೋಟೋಗೆ ಅವರು 'ನಿರ್ಜನ' ಅಂತ ಹೆಸರಿಟ್ಟರು. ನಿರಂಜನಪ್ಪನವರಿಗೆ ನಿರ್ಜನ ಬಹಳ ಹಿಡಿಸ್ತು. ಮೊದಲನೇ ಬಹುಮಾನ. ಗೋಡೆಯಷ್ಟು ದೊಡ್ಡದು ಮಾಡಿಸಿ ಪಾರ್ಕಿನ ವೇದಿಕೆ ಹಿಂದೆ ನಿಲ್ಲಿಸಿದ್ರು. ಪ್ರದರ್ಶನದ ದಿನ ಊರಿನ ಗಣ್ಯರೂ ನಗಣ್ಯರೂ ಸೇರಿದ್ರು. ಬೇಲಿ ಗಿಡದ ಹತ್ತಿರ ಈ ಮೂರು ಹೆಂಗಸರೂ ಬುತ್ತಿಚೀಲ ಹಿಡಿದು ನಿಂತಿದ್ರು, ತಮ್ಮ ಬೆಂಚು ಅಷ್ಟು ದೊಡ್ಡದಾಗಿದ್ದು ನೋಡೋಕೆ.

ಶಾಲು ಹೊದಿಸಿ ಆದಮೇಲೆ ನಿರಂಜನಪ್ಪ ಮಾತಿಗೆ ನಿಂತ್ರು. ಪಾರ್ಕಿನ ಹಿಂದಿನ ಮೂಲೆ ಯಾರ ಉಪಯೋಗಕ್ಕೂ ಬರದೆ ಬಿದ್ದಿದೆ, ಅದಕ್ಕೆ ಸಾಕ್ಷಿ ನಮ್ಮ ಬೆನ್ನ ಹಿಂದೇ ಇದೆ, ನಮ್ಮೂರಿನ ಅತಿ ಚುರುಕು ಕಣ್ಣಿನವರೇ ತೋರಿಸಿಕೊಟ್ಟಿದ್ದಾರೆ ಅಂದ್ರು. ಆದ್ದರಿಂದ ಅಲ್ಲಿಗೆ ತಂತಿ ಬೇಲಿ, ಒಳಗೊಂದು ಪುಷ್ಪವಾಟಿಕೆ, ಬಾಗಿಲಲ್ಲಿ ಟಿಕೆಟ್ಟು. ಜಾಗ ಖಾಲಿ ಅನ್ನೋದಕ್ಕೆ ಪುರಾವೆ ಸಿಗಲಿ ಅಂತ ಅವರು ನಮ್ಮನ್ನ ಪ್ರೀತಿಸಿದ್ದರು ಅಂತ ಆಗ ಅರ್ಥ ಆಯ್ತು. ಪ್ರದರ್ಶನದ ಎಲ್ಲ ಫೋಟೋನೂ ಅಂಥವೇ. ಇಡೀ ಪಾರ್ಕಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಮಹಾಮಾರಿ ಹೊಕ್ಕ ಊರಿನ ಹಾಗೆ ಕಾಣ್ತಿತ್ತು.

ಮಾದೇವಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅದು ನಾವು ಕೂರೋ ಜಾಗ ಅಲ್ವಾ ಅಣ್ಣ? ಟಿಕೆಟ್ ತಗೊಂಡು ಮುದ್ದೆ ಉಣ್ಬೇಕಾ?"

ಅಷ್ಟರಲ್ಲಿ ಚಿದಂಬರಯ್ಯನವರನ್ನ ಎರಡು ಮಾತಿಗೆ ಕರೆದ್ರು. ಅವರು ಮೈಕಿನ ಹತ್ತಿರ ಬಂದು ಕನ್ನಡಕ ತೆಗೆದು ಹೊಸ ಶಾಲಿನ ತುದೀಲಿ ಒರೆಸಿದ್ರು. ಮತ್ತೆ ಹಾಕ್ಕೊಂಡು, ಬೆನ್ನು ತಿರುಗಿಸಿ ತಮ್ಮ ಫೋಟೋನೇ ನೋಡ್ತಾ ನಿಂತ್ರು. ಚಪ್ಪಾಳೆ ತಟ್ಟೋಕೆ ಸಿದ್ಧವಾಗಿದ್ದ ಕೈಗಳೆಲ್ಲ ಬೇಸತ್ತು ಕೆಳಗಿಳಿದವು.

"ಈ ಫೋಟೋದಲ್ಲಿ ಮೂರು ಜನ ಇದ್ದಾರೆ," ಅಂದ್ರು.

ನಿರಂಜನಪ್ಪ ನಕ್ಕರು. "ನನಗೆ ಕಾಣ್ತಿಲ್ಲವಲ್ಲ ಸ್ವಾಮಿ. ಕನ್ನಡಕ ಬದಲಾಯಿಸಬೇಕಾ?"

"ಬದಲಾಯಿಸಿ. ನಮ್ಮ ಅಂಗಡಿಗೇ ಬನ್ನಿ." ಚಿದಂಬರಯ್ಯ ಬೋಳು ಕಲ್ಲಿನ ಆ ಮೂರು ಜಾಗಗಳ ಮೇಲೆ ಕೈಯಿಟ್ಟು ತೋರಿಸಿದ್ರು. "ಬೆಂಚಿನ ತುಂಬ ಹೂವು ಬಿದ್ದಿದೆ, ಇಲ್ಲಿ ಯಾಕೆ ಬಿದ್ದಿಲ್ಲ? ಬೀಳೋ ಹೊತ್ತಿಗೆ ಇಲ್ಲಿ ಜನ ಕೂತಿದ್ರು. ಎಬ್ಬಿಸಿದವನು ನಾನು. ಎದ್ದವರು ಅಲ್ಲಿ, ಬೇಲಿ ಹತ್ತಿರ ನಿಂತಿದ್ದಾರೆ."

ಸಭೆ ಪೂರಾ ಹಿಂದಕ್ಕೆ ತಿರುಗಿತು. ದೊಡ್ಡತಾಯಿ ಸೆರಗು ಸರಿ ಮಾಡ್ಕೊಂಡು, ಮೈಕಿಲ್ಲದೆಯೇ ಎಲ್ಲರಿಗೂ ಕೇಳಿಸೋ ಹಾಗೆ ಹೇಳಿದಳು.

"ನಡುವಿನ ಅಗಲದ್ದು ನಂದು."

ನಗು ಎಷ್ಟು ಹೊತ್ತು ನಿಲ್ಲಲಿಲ್ಲ ಅಂದರೆ, ವಂದನಾರ್ಪಣೆ ಅದರಲ್ಲೇ ಕೊಚ್ಚಿಹೋಯ್ತು.

ಆದರೆ ನಗುವಿಗೆ ಬೇಲಿ ಹೆದರೋದಿಲ್ಲ. ಇಲಾಖೆ ನಮ್ಮ ಜೊತೆ ಟೂ ಬಿಟ್ಟಿತು. ಪಾರ್ಕಿನೊಳಗೆ ಕ್ಯಾಮೆರಾ ತರಬಾರದು ಅಂತ ಬೋರ್ಡು ಬಂತು. ಅದರ ಹಿಂದೇ ಕಬ್ಬಿಣದ ಕಂಬಗಳೂ ಬಂದು ಮರದ ಸುತ್ತ ನೆಟ್ಟುಕೊಂಡವು. ತಂತಿ ಎಳೆಯೋ ಮುಂಚೆ ಮಾತ್ರ ಅವರಿಗೊಂದು ಫೋಟೋ ಬೇಕಿತ್ತು: ಜಾಗ ಖಾಲಿ ಇದೆ, ಯಾರ ತಕರಾರೂ ಇಲ್ಲ ಅಂತ ಮೇಲಿನವರಿಗೆ ತೋರಿಸೋಕೆ. ನಿರ್ಜನ ಹೇಗೂ ನಗೆಪಾಟಲಾಗಿತ್ತಲ್ಲ, ಈ ಸಲ ತಮ್ಮದೇ ಫೋಟೋಗ್ರಾಫರನ್ನ ಕಳಿಸಿದ್ರು.

ಅವನು ಬಂದಾಗ ಮೂವರೂ ಬುತ್ತಿ ಬಿಚ್ಚಿದ್ರು. ಒಂಚೂರು ಏಳ್ತೀರಾ ಅಂತ ಮರ್ಯಾದೆಯಿಂದಲೇ ಕೇಳಿದ.

"ಹೋದ್ ಸಾರಿ ಎದ್ದಿದ್ಕೇ ಇಷ್ಟೆಲ್ಲ ಆಗಿದ್ದು ಕಣಪ್ಪ," ಅಂದಳು ದೊಡ್ಡತಾಯಿ. "ಈಗ ಏಳಾಕಿಲ್ಲ. ಹಪ್ಪಳ ತಿಂತೀಯಾ?"

ಅವನು ಹಪ್ಪಳ ತಿಂದು, ಸಂಜೆ ಬರ್ತೀನಿ ಅಂತ ಹೋದ. ಸಂಜೆ ಹೆಂಗಸರು ಕೆಲಸಕ್ಕೆ ಹೋಗ್ತಾರೆ ಅನ್ನೋದು ಅವನ ಲೆಕ್ಕ. ಬಂದು ನೋಡಿದರೆ ಬೆಂಚಿನ ಮೇಲೆ ಚಿದಂಬರಯ್ಯ, ಶಾಲು ಹೊದ್ದುಕೊಂಡು. ಪಕ್ಕದಲ್ಲಿ ನಾನು. ಕೈಯಲ್ಲಿ ಕ್ಯಾಮೆರಾ ಇಲ್ಲ, ಫ್ಲಾಸ್ಕಿನಲ್ಲಿ ಚಾ ಇದೆ. ಚಾ ತರಬಾರದು ಅಂತ ಯಾವ ಬೋರ್ಡೂ ಇರಲಿಲ್ಲ. ಬೆಳಗ್ಗೆ ಬೇಗ ಬಂದ. ಬಳಗದ ಇನ್ನಿಬ್ಬರು ಕೂತು ಪೇಪರ್ ಓದ್ತಿದ್ರು. ಫ್ರೇಮು ಖಾಲಿಯಾಗೋದನ್ನ ಕಾದು ಕಾದು ಆಯುಷ್ಯ ಸವೆಸಿದವರು ನಾವು. ಯಾವ ಹೊತ್ತಲ್ಲಿ ಖಾಲಿಯಾಗುತ್ತೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರೋರು ಯಾರು? ಆ ಹೊತ್ತಿಗೆಲ್ಲ ಹೋಗಿ ಕೂರ್ತಿದ್ವಿ. ನಿರಂಜನಪ್ಪನವರೇ ಒಂದು ದಿನ ಬಂದು, ಎಷ್ಟು ದಿನ ಹೀಗೆ ಕೂರ್ತೀರಿ ಅಂತ ಕೇಳಿದ್ರು. ಕಾಯೋದು ನಮಗೆ ಹವ್ಯಾಸ ಸ್ವಾಮಿ, ನಿಮಗಾದರೆ ನೌಕರಿ ಅಂದ್ರು ಚಿದಂಬರಯ್ಯ.

ನೌಕರಿ ಮೊದಲು ಸೋತಿತು. ನಿರಂಜನಪ್ಪನವರಿಗೆ ಬೇರೆ ಊರಿಗೆ ವರ್ಗ ಆಯ್ತು, ತಂತಿ ಸುರುಳಿ ಎಲ್ಲೋ ಗೋದಾಮಿನಲ್ಲಿ ಧ್ಯಾನಕ್ಕೆ ಕೂತಿತು. ಕಂಬಗಳು ಮಾತ್ರ ಉಳಿದವು. ಬುತ್ತಿಚೀಲ ನೇತುಹಾಕೋಕೆ ಒಳ್ಳೇ ಎತ್ತರ ಅಂತ ಪುಟ್ನಂಜಿ ಇಲಾಖೆಯನ್ನ ಹೊಗಳ್ತಿದ್ದಳು.

ಎಷ್ಟೋ ಕಾಲದ ಮೇಲೆ ಒಂದು ಮಧ್ಯಾಹ್ನ ಆ ಕಡೆ ಹೋಗಿದ್ದೆ. ಹೊಂಗೆ ಹೂ ಬಿಟ್ಟಿತ್ತು. ಬೆಂಚು ತುಂಬಿತ್ತು, ಗುರುತಿನ ಮುಖ ಒಂದೂ ಇರಲಿಲ್ಲ. ಬುತ್ತಿ ಹಿಡಿದಿದ್ದ ಒಬ್ಬ ಹೆಂಗಸು ಸರಿದು ಜಾಗ ಕೊಟ್ಟಳು. ಸ್ವಲ್ಪ ಹೊತ್ತು ಕೂತಿದ್ದು ಎದ್ದೆ. ಹಳೇ ಚಾಳಿ, ಹಿಂತಿರುಗಿ ನೋಡಿದೆ. ನಾನು ಕೂತಿದ್ದ ಕಡೆ ಹೂವಿಲ್ಲದ ಕಲ್ಲು, ನನ್ನಷ್ಟಗಲ. ಮೇಲಿಂದ ಒಂದು ಹೂವು ತೇಲಿಕೊಂಡು ಅದರ ಕಡೆಗೇ ಇಳೀತಿತ್ತು. ಅದು ಕಲ್ಲು ಮುಟ್ಟೋ ಮುಂಚೆ ಇನ್ಯಾರೋ ಬಂದು ಕೂತುಬಿಟ್ಟರು. ಹೂವು ಅವರ ಮಡಿಲಿಗೆ ಬಿತ್ತು.