ಟೊರ್ಕಿಲ್ಡ್ ಸಹಿ ಹಾಕಿದ ಎರಡು ಕ್ರೋನೆ

ಸ್ವೆಂಬೋರ್ಗ್ ಊರಿನ ನಾಣ್ಯ ಸಂಗ್ರಾಹಕರ ಕೂಟದಲ್ಲಿ ಟೊರ್ಕಿಲ್ಡ್ ಹೇಳಿದ್ದೇ ವೇದವಾಕ್ಯ. ಅಚ್ಚೊತ್ತುವ ಟಂಕಸಾಲೆಯಲ್ಲೇ ಕೆಟ್ಟು ಅಪರೂಪವಾದ ನಾಣ್ಯ ಯಾವುದು, ಆಮೇಲೆ ಕೆಟ್ಟು ಬೆಲೆಯಿಲ್ಲದ್ದು ಯಾವುದು ಎಂದು ಭೂತಗನ್ನಡಿ ಹಿಡಿದು ತೀರ್ಪು ಕೊಟ್ಟು, ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದ. ಅಲ್ಲಿ ಒಂದು ಕಟ್ಟಳೆಯಿತ್ತು: ತೀರ್ಪು ತಪ್ಪಿದರೆ ಸಹಿ ಹಾಕಿದವನೇ ಎಲ್ಲರೆದುರು ಎದ್ದು ನಿಂತು ಓದಿ, ಅದನ್ನು ಹೊಡೆದುಹಾಕಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಟೊರ್ಕಿಲ್ಡ್ ಒಮ್ಮೆಯೂ ಎದ್ದಿರಲಿಲ್ಲ. ಆ ಜಂಬ ಅವನಿಗೆ ಬೇಕಾದಷ್ಟಿತ್ತು.

ಒಂದು ಗುರುವಾರ ಯಂತ್ರ ರಿಪೇರಿಯ ಬೋದಿಲ್ ಬಂದು ಮೂರು ನಾಣ್ಯ ಅವನ ಮುಂದೆ ಸುರಿದಳು.

"ನೋಡಪ್ಪ ಪಂಡಿತ, ಲಾಂಡ್ರಿಯ ಡ್ರೈಯರ್ ಬಿಚ್ಚಿದ್ರೆ ಡ್ರಮ್ಮಿನ ಸಂದೀಲಿ ಇವು ಸಿಕ್ಕಿದ್ವು. ಅದೆಷ್ಟು ವರ್ಷ ಒಳಗೇ ಉರುಳಿದ್ವೋ! ಏನಾದ್ರೂ ಬೆಲೆ ಇದ್ಯಾ?"

ಮೂರೂ ನಡುವೆ ತೂತಿರುವ, ಎರಡು ಕ್ರೋನೆ ಬೆಲೆಯ ನಾಣ್ಯಗಳು. ಅಂಚು ದಪ್ಪಗಾಗಿ ಒಳಕ್ಕೆ ಮಡಿಚಿಕೊಂಡು, ಪಕ್ಕದ ಅಕ್ಷರಗಳ ತಲೆ ನುಂಗಿಬಿಟ್ಟಿತ್ತು. ಅಗಲ ಒಂದು ಮಿಲಿಮೀಟರ್ ಕಮ್ಮಿ. ಒಂಬತ್ತು ವರ್ಷದ ಹಿಂದೆ ಗೆಳೆಯ ಆಸ್ಗರ್ ತಂದ ನಾಣ್ಯವೂ ಥೇಟ್ ಹೀಗೇ ಇತ್ತು. ಅಚ್ಚೊತ್ತುವಾಗ ನಾಣ್ಯವನ್ನು ಸುತ್ತ ಹಿಡಿಯುವ ಬಳೆ ಕಿರಿದಾಗಿತ್ತು, ಟಂಕಸಾಲೆಯ ತಪ್ಪು ಎಂದು ಟೊರ್ಕಿಲ್ಡನೇ ಬರೆದಿದ್ದ. ಬಟ್ಟೆ ಒಣಗಿಸುವ ಯಂತ್ರದಲ್ಲಿ ಉರುಳಿ ಉರುಳಿ ಅಂಚು ಹೀಗಾಗುತ್ತದೆಂದು ಯಾರ ತಲೆಗೆ ಹೊಳೆದೀತು!

"ಒಂದೊಂದಕ್ಕೆ ಎರಡು ಕ್ರೋನೆ," ಎಂದ.

"ಥೂ, ಮೂರೂ ಸೇರಿದ್ರೂ ಕಾಫಿಗೆ ಸಾಲಲ್ಲ!" ಎಂದು ನಕ್ಕು, ಬೋದಿಲ್ ನಾಣ್ಯಗಳನ್ನು ಅಲ್ಲೇ ಬಿಟ್ಟು ಹೋದಳು.

ಟೊರ್ಕಿಲ್ಡ್ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಚೆ ಮೇಜಿನಲ್ಲಿ ಆಸ್ಗರ್ ತನ್ನ ನಾಣ್ಯ ಎತ್ತಿ ತೋರಿಸುತ್ತ ಜೋರಾಗಿ ಹೇಳುತ್ತಿದ್ದ: "ಬರೋ ತಿಂಗಳು ಕೋಪನ್‌ಹೇಗನ್ ಪ್ರದರ್ಶನಕ್ಕೆ ಕಳಿಸ್ತೀನಿ. ಇಡೀ ದೇಶದಲ್ಲಿ ಇದೊಂದೇ, ತಿಳ್ಕೊಳ್ಳಿ!" ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಬಣ್ಣ ಬಳಿದವನು. ಆ ನಾಣ್ಯ ಬರುವವರೆಗೆ ಅವನ ಮಾತಿಗೆ ಯಾರೂ ಕಿವಿ ಕೊಟ್ಟಿರಲಿಲ್ಲ. ಕೋಪನ್‌ಹೇಗನ್ನಿನ ಪರಿಣತರು ಅದನ್ನು ನೋಡಿದ ಗಳಿಗೆಯೇ ನಗುತ್ತಾರೆ, ಪಾಪದವನ ಮುಖಕ್ಕೇ ನಗುತ್ತಾರೆ.

ಟೊರ್ಕಿಲ್ಡ್ ಅವನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ಅವನ ನಾಣ್ಯವನ್ನೂ ಬೋದಿಲ್ ತಂದದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ.

ಆಸ್ಗರ್ ಎರಡನ್ನೂ ತಿರುಗಿಸಿ ನೋಡಿದ.

"ನಂಗೆಲ್ಲಿ ನಾಣ್ಯ ನೋಡೋಕ್ ಬರುತ್ತೆ? ನಾನು ನಂಬಿದ್ದು ಇದನ್ನಲ್ಲ ಕಣೋ, ನಿನ್ನನ್ನ."

"ತಪ್ಪಾಯ್ತು ಆಸ್ಗರ್."

"ಇಲ್ಲಿ ಗುಟ್ಟಾಗಿ ಹೇಳಿದ್ರೆ ಆಯ್ತಾ?" ಎಂದವನೇ ಕೋಟು ತೊಟ್ಟು ಬಾಗಿಲ ಕಡೆ ನಡೆದ.

ಟೊರ್ಕಿಲ್ಡ್ ಪುಸ್ತಕ ಎತ್ತಿಕೊಂಡು ಎದ್ದು ನಿಂತ. ಒಂಬತ್ತು ವರ್ಷದ ಹಿಂದಿನ ಆ ಪುಟ ತೆರೆದ.

"ಏನೋ, ನೀನೂ ಎದ್ದೆಯಾ? ಭೂಮಿ ಬಾಯಿ ಬಿಡುತ್ತೆ!" ಎಂದು ಯಾರೋ ಕುಚೋದ್ಯ ಮಾಡಿದರು.

ಬಾಗಿಲಲ್ಲಿ ಆಸ್ಗರ್ ತಿರುಗಿ ನಿಂತ. "ಸುಮ್ನಿರ್ರಯ್ಯಾ, ಅವನು ಹೇಳ್ಲಿ," ಎಂದು ಗದರಿದ. ವಾಪಸು ಬಂದು, ಕೋಟು ಬಿಚ್ಚದೆಯೇ, ತನ್ನ ಕುರ್ಚಿಯಲ್ಲಿ ಕೂತ.