ಲಿಂಗವಿಲ್ಲದವನ ಮಣ್ಣು

ಅಮೀನಪ್ಪ ಬೆಳಿಗ್ಗೆ ತೀರಿಕೊಂಡ, ಹೇರೋಹಳ್ಳಿಯಲ್ಲಿ ತಾನು ಕೂಲಿಗೆ ಗೋಡೆ ಎಬ್ಬಿಸುತ್ತಿದ್ದ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ. ಕಾಮಾಲೆ ತಲೆಗೇರಿತ್ತು. ಪ್ರಾಣ ಹೋಗುವ ಮುಂಚೆ ಹೆಂಡತಿ ಕಸ್ತೂರೆವ್ವನ ಸೆರಗು ಹಿಡಿದು ಕೇಳಿದ: “ಹುಡುಗ ಅಲ್ಲಿ ಇರ್ತಾನೇನು?”

ಹುಡುಗನೆಂದರೆ ಅವರ ಒಬ್ಬನೇ ಮಗ ಮುತ್ತುರಾಜ. ಇವರಿಬ್ಬರೂ ಚಂದ್ರಾ ಲೇಔಟಿನಲ್ಲಿ ಕೆಲಸ ಮಾಡುತ್ತಿದ್ದಾಗ ಮುಚ್ಚಳವಿಲ್ಲದ ನೀರಿನ ಸಂಪಿನೊಳಗೆ ಬಿದ್ದು ತೀರಿಕೊಂಡಿದ್ದ. ಅವತ್ತೇ ಅಮೀನಪ್ಪ ಕೊರಳಿನ ಇಷ್ಟಲಿಂಗವನ್ನು ಹರಿದು ಅದೇ ನೀರಿಗೆ ಎಸೆದಿದ್ದ. ಆಮೇಲೆ ವಿಭೂತಿ ಹಚ್ಚಲಿಲ್ಲ, ಶಿವ ಎನ್ನಲಿಲ್ಲ. ಹೆಂಡತಿ ಪೂಜೆಗೆ ಕೂತರೆ ಎದ್ದು ಹೋಗಿ ಬೀಡಿ ಹಚ್ಚುತ್ತಿದ್ದ. ಅಂಥವನು ಈಗ ಕೂಸಿನ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದ.

“ಇರ್ತಾನ್ರಿ. ಶಿವನ ಬಾಜೂಕ ಕುಂತು ನಿಮ್ಮ ಹಾದಿ ನೋಡಾಕತ್ತಾನ,” ಅಂದಳು.

ಅವನ ಮುಖ ಸಡಿಲವಾಯಿತು. ಸೆರಗು ಹಿಡಿದ ಕೈ ಹಾಗೇ ಜಾರಿತು.

ಮೇಸ್ತ್ರಿ ಜಂಬಣ್ಣ ಅವರ ಊರ ಕಡೆಯವನೇ. ಹೊರಗೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದವನು ಬಂದು, “ವೈನಿ, ತಡ ಮಾಡೂದು ಬ್ಯಾಡ. ಕರೆಂಟಿನ ಸುಡುಗಾಡಿಗೆ ಒಯ್ದ್ರ ಮಧ್ಯಾಹ್ನದೊಳಗ ಮುಗೀತೈತಿ,” ಅಂದ.

“ಸುಡೂದಾ? ನಮ್ಮ ಪೈಕಿ ಯಾರನ್ನೂ ಸುಟ್ಟಿಲ್ಲ ಜಂಬಣ್ಣ. ಕೈಯಾಗ ಲಿಂಗ ಇಟ್ಟು, ಕುಂಡ್ರಿಸಿ ಮಣ್ಣು ಮಾಡಬೇಕು. ಸುಟ್ಟು ಬೂದಿ ಮಾಡಿದ್ರ ಅವರು ಹುಡುಗನ ಹತ್ರ ಹ್ಯಾಂಗ ಹೋಗ್ತಾರ?”

“ಎಲ್ಲಿ ಮಾಡ್ತೀರಿ? ನಮ್ಮೂರು ನೀರಾಗ ಐತಿ.”

ಅದು ನಿಜವೇ. ಆಲಮಟ್ಟಿಯ ಹಿನ್ನೀರು ಏರಿದಾಗ ಊರೂ ಮುಳುಗಿತ್ತು, ಹಿರಿಯರ ಗದ್ದುಗೆಗಳೂ ಮುಳುಗಿದ್ದವು. ಕಸ್ತೂರೆವ್ವ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದಳು.

ಹೇರೋಹಳ್ಳಿಯ ಹಳೇ ಊರಿನ ಲಿಂಗಾಯತ ಮನೆತನಗಳಿಗೆ ಚನ್ನವೀರಪ್ಪ ಹಿರಿಯ. ಹೊಲವೆಲ್ಲ ಸೈಟುಗಳಾಗಿ ಹೋದಮೇಲೂ ಆ ಮನೆತನದವರು ಒಂದು ತುಂಡು ರುದ್ರಭೂಮಿಯನ್ನು ಉಳಿಸಿಕೊಂಡಿದ್ದರು. ಮನೆಯ ಗೇಟಿನೊಳಗೆ ಬಂದು, ಗಂಡನ ಮಣ್ಣಿಗೆ ಜಾಗ ಬೇಡುತ್ತ ಕಾಲಿಗೆ ಬಿದ್ದ ಹೆಂಗಸನ್ನು ಕಂಡು ಆತ ಪೇಪರ್ ಕೆಳಗಿಟ್ಟ.

“ಏಳಮ್ಮ, ಏಳು. ಹೊರಗಿನೋರಿಗೆ ಕೊಟ್ಟು ಕೊಟ್ಟು ನಮ್ಮೋರಿಗೇ ಜಾಗ ಇಲ್ದಂಗಾಗೈತೆ.”

“ಒಂದು ಮೂಲಿ ಕೊಡ್ರಿ ಯಪ್ಪಾ. ಸುಡುಗಾಡಿಗೆ ಹಾಕಿಸಬ್ಯಾಡ್ರಿ. ನಿಮ್ಮ ಮನಿ ಕಸಾ ಬಳೀತೀನಿ.”

ಅವಳು ಕಾಲು ಬಿಡಲೇ ಇಲ್ಲ. ಕೊನೆಗೆ ಚನ್ನವೀರಪ್ಪ, “ಆಯ್ತು. ಬೇಲಿ ಪಕ್ಕ ಒಂದಿಷ್ಟು ಜಾಗ ಐತೆ. ಮೈಮೇಲೆ ಲಿಂಗ ಐತೆ ತಾನೇ? ಲಿಂಗ ಇಲ್ದೋರಿಗೆ ಅಯ್ಯನೋರು ಸಮಾಧಿ ಮಾಡ್ಸಲ್ಲ,” ಅಂದ.

“ಐತ್ರಿ,” ಅಂದುಬಿಟ್ಟಳು ಕಸ್ತೂರೆವ್ವ.

ಶೆಡ್ಡಿಗೆ ತಿರುಗಿ ಬಂದಳು. ಹೆಣಕ್ಕೆ ನೀರು ಹಾಕಬೇಕೆಂದು ಎಲ್ಲರನ್ನೂ ಆಚೆ ಕಳಿಸಿ ತಗಡಿನ ಬಾಗಿಲು ಮುಂದೆ ಮಾಡಿದಳು. ಮೈ ತೊಳೆದು, ಒರೆಸಿ, ವಿಭೂತಿ ಹಚ್ಚಿದಳು. ಆಮೇಲೆ ತನ್ನ ಕೊರಳಿನ ಇಷ್ಟಲಿಂಗಕ್ಕೆ ಕೈ ಹಾಕಿದಳು. ಲಿಂಗ ಕಳಕೊಂಡವರು ನೀರೂ ಮುಟ್ಟಬಾರದು ಎಂದು ಅವಳ ತಾಯಿ ಹೇಳುತ್ತಿದ್ದಳು. ಇದನ್ನು ಅವನಿಗೆ ಕಟ್ಟಿದರೆ ನಾಳೆ ತನ್ನನ್ನು ಯಾರು ಕೂರಿಸಿ ಮಣ್ಣು ಮಾಡುತ್ತಾರೆ? ಶಿವ ತನ್ನನ್ನು ಯಾರೆಂದು ಗುರುತಿಸುತ್ತಾನೆ? ಮಗನ ಮುಖ ತನಗೆ ಮತ್ತೆ ಇಲ್ಲ. ಬೆರಳುಗಳು ದಾರದ ಗಂಟಿನ ಮೇಲೇ ನಿಂತವು. ಒಮ್ಮೆ ಬೇಡವೆಂದು ಕೈ ತೆಗೆದಳು. ಅಮೀನಪ್ಪನ ಅರೆತೆರೆದ ಕಣ್ಣು ಇನ್ನೂ ಕೇಳುತ್ತಿರುವ ಹಾಗೆ ಕಂಡಿತು.

“ಹುಡುಗನ ಹತ್ರ ಒಬ್ಬರಾದ್ರೂ ಇರ್ಲಿ,” ಎಂದು ಗಂಟು ಬಿಚ್ಚಿ ಅವನ ಕೊರಳಿಗೆ ಕಟ್ಟಿದಳು.

ಬೇಲಿಯ ಪಕ್ಕ ಗುಂಡಿ ತೋಡಿ, ಒಳಗೆ ಗೂಡು ಕೊರೆದು ಅವನನ್ನು ಕೂರಿಸಿದರು. ಮಂತ್ರ ಹೇಳುತ್ತಿದ್ದ ಜಂಗಮ ಅಯ್ಯನವರು ಲಿಂಗವನ್ನು ಎಡಗೈಗೆ ಇಡಲು ಕೊರಳಿನ ದಾರ ಬಿಚ್ಚಿದರು. ದಾರದ ತುಂಬ ಹೆಂಗಸರ ಅರಿಶಿನ. ಅವರು ತಲೆಯೆತ್ತಿ ಕಸ್ತೂರೆವ್ವನ ಬರಿದಾದ ಕೊರಳನ್ನು ನೋಡಿದರು. ಈಗ ಹೆಣವನ್ನು ಮೇಲೆ ಎತ್ತಿಸುತ್ತಾರೆ ಎಂದು ಅವಳು ಕಣ್ಣು ಮುಚ್ಚಿದಳು. ಮಂತ್ರ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಬಿಲ್ವಪತ್ರೆ, ವಿಭೂತಿ, ಉಪ್ಪು, ಮೇಲೆ ಮಣ್ಣು.

ಎಲ್ಲರೂ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದಾಗ ಅಯ್ಯನವರು ಅವಳ ಹತ್ತಿರ ಬಂದರು. “ನಾಳೆ ಮನೆಗೆ ಬಾ ತಾಯಿ. ನಿಂಗೊಂದು ಲಿಂಗ ಕಟ್ತೀನಿ. ಯಾರಿಗೂ ಹೇಳಲ್ಲ.”

“ನಂದು ಇರ್ಲಿ ಅಯ್ಯನೋರ. ಅವರಿಗೆ ನಂಬಿಕಿ ಇರಲಿಲ್ರಿ, ಲಿಂಗ ಕಿತ್ತು ಒಗದಿದ್ರು. ಶಿವ ಒಳಗ ಬಿಡ್ತಾನೇನ್ರಿ? ಹುಡುಗ ಸಿಗ್ತಾನೇನ್ರಿ?”

ಅಯ್ಯನವರು ಹಸಿ ಮಣ್ಣಿನ ಕಡೆ ನೋಡಿದರು.

“ಕೇಳ್ದೋರಿಗೆಲ್ಲ ಸಿಗ್ತಾರೆ ಅಂತಿದ್ದೆ ತಾಯಿ. ಹೋದ ವರ್ಷ ನನ್ನ ಮಗಳು ತೀರ್ಕೊಂಡ್ಲು. ಅವತ್ತಿಂದ ಹಂಗನ್ನೋಕೆ ಆಗ್ತಿಲ್ಲ. ನಂಗೊತ್ತಿಲ್ಲ.”

ಅವರು ತಲೆ ತಗ್ಗಿಸಿಕೊಂಡು ಹೋದರು. ಕಸ್ತೂರೆವ್ವ ಅವರ ಬೆನ್ನನ್ನೇ ನೋಡಿದಳು. ಹೇಳಬೇಕಾದವರಿಗೇ ಗೊತ್ತಿಲ್ಲ. ಹಾಗಿದ್ದರೆ ತಾನು ಸಾಯುವವನ ಕಿವಿಯಲ್ಲಿ ಏನು ಹೇಳಿದೆ?

ಹಸಿ ಮಣ್ಣಿನ ಪಕ್ಕ ಕೂತಳು. “ಏಳ್ರಿ ವೈನಿ,” ಎಂದು ಜಂಬಣ್ಣ ದೂರದಿಂದ ಕರೆಯುತ್ತಿದ್ದ. ಅವಳು ಮಣ್ಣಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಅಂದಳು:

“ಹುಡುಗ ಸಿಗಲಿಲ್ಲಂದ್ರ ನನ್ನ ಬೈಬ್ಯಾಡ್ರಿ. ನನಗ ತಿಳಿದದ್ದು ಅಷ್ಟ.”