ಇದೇ ಕೊನೆಯ ಮೂವತ್ತು ದಿನ

ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಸರ್ಕಾರದ ಸಂಪರ್ಕ ಆಯೋಗದ ಆದೇಶ ಬಂತು. ವರ್ನೆಟಾ ಗ್ಯಾಸ್ಕಿನ್ಸ್ ಅದನ್ನು ನಿಂತುಕೊಂಡೇ ಓದಿದಳು, ಕೋಟು ಕೂಡ ಬಿಚ್ಚಿರಲಿಲ್ಲ. ಉಪಗ್ರಹವನ್ನು ತಾತ್ಕಾಲಿಕವಾಗಿ ನಡೆಸಲು ಕೊಟ್ಟಿದ್ದ ಅನುಮತಿಯನ್ನು ಇನ್ನು ಮುಂದುವರಿಸುವುದಿಲ್ಲ, ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅದರ ಎಲ್ಲ ಪ್ರಸಾರವನ್ನೂ ನಿಲ್ಲಿಸತಕ್ಕದ್ದು ಎಂದಿತ್ತು. ಕೊಟ್ಟ ಕಾರಣ ಒಂದೇ ಸಾಲು: ಇದೇ ಕೊನೆಯ ವಿಸ್ತರಣೆ ಎಂದು ಅರ್ಜಿದಾರರೇ ಎಂಟು ಬಾರಿ ಬರೆದುಕೊಟ್ಟಿದ್ದಾರೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಯೋಗದ ಮೇಲಲ್ಲ, ತನ್ನದೇ ಕಚೇರಿಯ ಮೇಲೆ.

ವಾಷಿಂಗ್ಟನ್‌ನಿಂದ ನದಿ ದಾಟಿದರೆ ಸಿಗುವ ಆ ಪುಟ್ಟ ಕಂಪನಿಯಲ್ಲಿ ಅವಳ ಕೆಲಸ ಅನುಮತಿ ಕೇಳುವುದು. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿದ್ದಳು. ಆಕಾಶ ಎಷ್ಟೇ ದೊಡ್ಡದಿದ್ದರೂ ಅಲ್ಲಿ ಕಂಡಕಂಡಲ್ಲಿ ಕೂರುವಂತಿಲ್ಲ, ಒಂದೊಂದು ಜಾಗವೂ ಒಬ್ಬೊಬ್ಬರ ಹೆಸರಿನಲ್ಲಿರುತ್ತದೆ. ಹಿಂದಿನ ಸೆಪ್ಟೆಂಬರಿನಲ್ಲಿ ಅಲಾಸ್ಕಾದ ನಲವತ್ಮೂರು ಹಳ್ಳಿಗಳ ಉಪಗ್ರಹ ಇದ್ದಕ್ಕಿದ್ದಂತೆ ಸತ್ತುಹೋದಾಗ, ಕಂಪನಿ ಬೇರೆಡೆ ನಿವೃತ್ತಿಯ ಹೊಸ್ತಿಲಲ್ಲಿದ್ದ ಮುದಿ ಉಪಗ್ರಹವೊಂದನ್ನು ಮೆಲ್ಲಗೆ ಸರಿಸಿ ತಂದು ಆ ಜಾಗದಲ್ಲಿ ಕೂರಿಸಿತು. ಹೊಸದು ಹಾರುವ ತನಕ ಇದರಿಂದಲೇ ನಡೆಯಬೇಕು. ಅಲ್ಲಿಯವರೆಗೆ ತಾತ್ಕಾಲಿಕ ಅನುಮತಿ, ಅದೂ ಮೂವತ್ತು ಮೂವತ್ತು ದಿನಕ್ಕೆ. ಹೊಸದು ಹಾರಲು ಒಂದು ವರ್ಷವಾದರೂ ಬೇಕೆಂದು ಬಾಗಿಲು ಕಾಯುವವನಿಗೂ ಗೊತ್ತಿತ್ತು.

ಕಂಪನಿಯ ಕಾನೂನು ಮುಖ್ಯಸ್ಥ ಪ್ರೆಸ್ಕಾಟ್ ಲಿಂಡ್‌ಗ್ರೆನ್ ವಿಸ್ತರಣೆಯ ಮೊದಲ ಅರ್ಜಿಯಲ್ಲೇ ಒಂದು ಸಾಲು ಸೇರಿಸಿದ್ದ: 'ಇದೇ ಕೊನೆಯ ವಿಸ್ತರಣೆ, ಮತ್ತೆ ಕೇಳುವ ಸಂದರ್ಭ ಬಾರದು.' ಮುಂದಿನ ತಿಂಗಳು ಅದೇ ಅರ್ಜಿ, ತಾರೀಖು ಮಾತ್ರ ಬೇರೆ. ಆ ಕಸುಬಿನವರ ಅಭ್ಯಾಸವೇ ಹಾಗೆ. ಒಮ್ಮೆ ಪಾಸಾದ ಕಾಗದವನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಎಲ್ಲಿ ಅಧಿಕಾರಿ ಹೊಸದಾಗಿ ಓದಿಬಿಡುತ್ತಾನೋ ಎಂಬ ಭಯ. ಮೂರನೆಯ ಅರ್ಜಿಯಲ್ಲಿ ವರ್ನೆಟಾ ಆ ಸಾಲಿಗೆ ಕೆಂಪು ಗೆರೆ ಎಳೆದು ಲಿಂಡ್‌ಗ್ರೆನ್‌ನ ಮೇಜಿನ ಮೇಲಿಟ್ಟಿದ್ದಳು.

“ಅದೊಂದು ರೂಢಿ ಕಣ್ರೀ ವರ್ನೆಟಾ,” ಎಂದಿದ್ದ ಅವನು. “ಎಲ್ರೂ ಬರೀತಾರೆ, ಯಾರೂ ಓದಲ್ಲ.”

ಓದಿದರು. ಪಕ್ಕದ ಜಾಗದಲ್ಲಿ ಉಪಗ್ರಹವಿಟ್ಟುಕೊಂಡಿದ್ದ ದೊಡ್ಡ ಕಂಪನಿಯ ವಕೀಲರು ಎಂಟೂ ಅರ್ಜಿಗಳನ್ನು ಸಾಲಾಗಿ ಜೋಡಿಸಿ, ಆ ಸಾಲಿಗೆ ಹಳದಿ ಬಳಿದು ಆಯೋಗಕ್ಕೆ ಕೊಟ್ಟರು. ತಮಗೇನು ತೊಂದರೆಯಾಗಿದೆ ಎಂದು ಒಂದು ಮಾತೂ ಬರೆದಿರಲಿಲ್ಲ. ತೊಂದರೆ ಆಗಿದ್ದರಲ್ಲವೇ ಬರೆಯುವುದು.

ಆ ಎಂಟು ಅರ್ಜಿಗಳ ಬೆನ್ನಿಗೆ ಎಂಟು ಪತ್ರಗಳೂ ಇದ್ದವು. ಅವನ್ನು ಬರೆದವಳು ಕೂಯ್ಗಾಕ್ ಎಂಬ ಹಳ್ಳಿಯ ಆರೋಗ್ಯ ಸಹಾಯಕಿ ಬಲಾಸಾ ಇವಾನ್. ವೈದ್ಯರಿಲ್ಲದ ಆ ಊರಿನಲ್ಲಿ ಅವಳು ರೋಗಿಯನ್ನು ಪರದೆಯ ಮುಂದೆ ಕೂರಿಸುತ್ತಾಳೆ, ಇನ್ನೂರು ಮೈಲಿ ಆಚೆಯ ಆಸ್ಪತ್ರೆಯ ವೈದ್ಯರು ನೋಡಿ ಹೇಳಿದ್ದನ್ನು ಮಾಡುತ್ತಾಳೆ. ಅನುಮತಿ ಕೊಡಲು ಜನಹಿತದ ಪುರಾವೆ ಬೇಕೆಂದು ವರ್ನೆಟಾ ಪ್ರತಿ ತಿಂಗಳೂ ಅವಳಿಂದ ಒಂದು ಪತ್ರ ತರಿಸುತ್ತಿದ್ದಳು. ಹೆಸರು ಹಾಕದಿದ್ದರೂ ಇನ್ನೂರ ಎಂಬತ್ತು ಜನರ ಊರಿನಲ್ಲಿ ಯಾರ ಕತೆಯೆಂದು ತಿಳಿಯದೆ ಇರುತ್ತದೆಯೇ? ಹಾಗಾಗಿ ಬಲಾಸಾ ತಿಂಗಳಿಗೊಂದು ಮನೆಗೆ ಹೋಗಿ, ಚಹಾ ಕುಡಿದು, ನಿಮ್ಮ ಕಷ್ಟವನ್ನು ಸರ್ಕಾರಕ್ಕೆ ಬರೆಯಲೇ ಎಂದು ಒಪ್ಪಿಗೆ ಕೇಳುತ್ತಿದ್ದಳು. ನೇಣಿನಿಂದ ಇಳಿಸಿ ಉಳಿಸಿಕೊಂಡ ಹುಡುಗಿಯ ತಂದೆ ಒಪ್ಪಿದ್ದ. ತಾತಿಯಾನಾ ಎಂಬ ಹೆಂಗಸೂ ಒಪ್ಪಿದ್ದಳು. ಹಿಮಗಾಳಿಯ ನಡುವೆ ಆರು ಗಂಟೆ ವೈದ್ಯರು ಪರದೆಯಲ್ಲಿ ನಿಂತು ಅವಳ ಹೆರಿಗೆ ಮಾಡಿಸಿದ್ದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಆದೇಶದ ಸುದ್ದಿ ತಿಳಿಸಲು ಫೋನ್ ಮಾಡಿದಾಗ ಬಲಾಸಾ ಮೊದಲು ನಂಬಲಿಲ್ಲ. ಹಳ್ಳಿಯ ಫೋನು ಕೂಡ ಅದೇ ಉಪಗ್ರಹದ ಮೇಲೆ ನಡೆಯುತ್ತಿತ್ತು. ಮಂಜು ಕವಿದು ನಾಲ್ಕು ದಿನದಿಂದ ವಿಮಾನ ಬಂದಿಲ್ಲ, ಎದೆನೋವಿನ ಮುದುಕನೊಬ್ಬ ಅವಳ ಚಿಕಿತ್ಸಾಲಯದಲ್ಲೇ ಮಲಗಿದ್ದಾನೆ, ಎರಡು ಗಂಟೆಗೊಮ್ಮೆ ಅವನ ಎದೆಬಡಿತದ ನಕ್ಷೆ ಆಸ್ಪತ್ರೆಗೆ ಹೋಗಬೇಕು.

“ನಾಳೆ ಅದು ನಿಂತ್ಮೇಲೆ ನಾನು ಯಾರನ್ನ ಕೇಳ್ಲಿ ಹೇಳು,” ಎಂದಳು. “ಗೋಡೇನಾ?”

ವರ್ನೆಟಾ ಆಯೋಗದ ಅಧಿಕಾರಿ ಬಿಯೆಲ್ಸ್ಕಿಗೆ ಫೋನ್ ಹಚ್ಚಿದಳು. ಹದಿನೈದು ವರ್ಷದಿಂದ ಕಾಗದದಲ್ಲೇ ಪರಿಚಯ. ಅವನು ಒರಟನಲ್ಲ. ಹೊಸ ಅರ್ಜಿ ಹಾಕಿ, ಆದರೆ ಹಳೆಯ ಸಾಲು ನಿಜವಾಗಿರಲಿಲ್ಲ ಎಂದು ಕಂಪನಿಯ ಪರವಾಗಿ ಯಾರಾದರೂ ಸಹಿ ಮಾಡಿಕೊಡಬೇಕು, ಅದಿಲ್ಲದೆ ನನ್ನ ಕೈ ಕಟ್ಟಿದೆ ಎಂದ.

ಲಿಂಡ್‌ಗ್ರೆನ್ ಸಾಧ್ಯವೇ ಇಲ್ಲವೆಂದ. ಸುಳ್ಳು ಹೇಳಿದೆವೆಂದು ನಾವೇ ಬರೆದುಕೊಟ್ಟರೆ ಹೊಸ ಉಪಗ್ರಹದ ಪರವಾನಗಿಗೂ ಕುತ್ತು ಬರುತ್ತದೆ, ಸುಮ್ಮನೆ ಆದೇಶ ಪಾಲಿಸಿ ಮುಂದಿನ ವಾರ ಮರುಪರಿಶೀಲನೆ ಕೇಳೋಣ ಎಂದು ಲೆಕ್ಚರು ಬಿಗಿದ. ಎಂಟು ಸಹಿಯೂ ಅವನದೇ ಎಂಬುದನ್ನು ಮಾತ್ರ ಹೇಳಲಿಲ್ಲ.

“ಒಂದು ವಾರ ನಿಂತ್ರೆ ಪ್ರಪಂಚ ಏನೂ ಮುಳುಗೋಗಲ್ಲ,” ಎಂದ ಕೊನೆಗೆ.

“ನಿಮ್ಮ ಪ್ರಪಂಚ ಮುಳುಗಲ್ಲ ಬಿಡಿ ಸರ್,” ಎಂದಳು ವರ್ನೆಟಾ. “ಅದಕ್ಕೆ ಎರಡೆರಡು ಫೋನಿದೆ.”

ಆಯೋಗಕ್ಕೆ ಅರ್ಜಿ ಸಲ್ಲಿಸುವ ಅಧಿಕಾರ ಕಂಪನಿಯ ದಾಖಲೆಯಲ್ಲಿ ಇಬ್ಬರಿಗಿತ್ತು. ಲಿಂಡ್‌ಗ್ರೆನ್ ರಜೆ ಹೋದಾಗ ಕೆಲಸ ನಿಲ್ಲದಿರಲೆಂದು ಎಂದೋ ಅವಳ ಹೆಸರನ್ನೂ ಸೇರಿಸಿದ್ದರು. ಅವಳು ತನ್ನ ಜಾಗಕ್ಕೆ ಹೋಗಿ ಕೂತು ಹೊಸ ಅರ್ಜಿಯನ್ನು ಖಾಲಿ ಹಾಳೆಯಿಂದ ಬರೆದಳು. 'ಇದು ಕೊನೆಯದಲ್ಲವೆಂದು ನಮಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆದರೂ ಎಂಟು ಸಲ ಹಾಗೆ ಬರೆದೆವು. ಮೂರನೆಯ ಸಲ ನಾನು ಬೇಡವೆಂದೆ, ಆಮೇಲೆ ಬಾಯಿ ಮುಚ್ಚಿಕೊಂಡೆ.' ಎಷ್ಟು ದಿನ ಬೇಕು ಎಂಬಲ್ಲಿ ಮೂವತ್ತು ಎಂದು ಹಾಕದೆ, ಹೊಸದು ಹಾರುವವರೆಗೆ ಎಂದೇ ಬರೆದಳು. ಕೆಳಗೆ ತನ್ನ ಸಹಿ ಹಾಕಿ ಅಂದೇ ಆಯೋಗಕ್ಕೆ ಕಳಿಸಿದಳು.

ಶುಕ್ರವಾರ ಹನ್ನೊಂದು ಇಪ್ಪತ್ತಕ್ಕೆ ಬಿಯೆಲ್ಸ್ಕಿಯೇ ಫೋನ್ ಮಾಡಿದ. ನೂರ ಎಂಬತ್ತು ದಿನ ಮಂಜೂರಾಗಿದೆ, ಪ್ರಸಾರ ನಿಲ್ಲಿಸಬೇಡಿ ಎಂದ. ಆಮೇಲೆ ತಡೆದು, ಇಷ್ಟನ್ನು ಮೊದಲೇ ಯಾಕೆ ಕೇಳಲಿಲ್ಲ ಎಂದು ಕೇಳಿದ. ಆರು ತಿಂಗಳ ಅನುಮತಿ ನಿಯಮದಲ್ಲೇ ಇದೆ. ಅರ್ಜಿಯನ್ನು ಸಾರ್ವಜನಿಕ ಪಟ್ಟಿಯಲ್ಲಿ ಹಾಕಬೇಕು, ಅಷ್ಟೆ; ಇದನ್ನು ನಿನ್ನೆಯೇ ಹಾಕಿದ್ದಾಯಿತು. ಪಟ್ಟಿಯಲ್ಲಿ ಹಾಕಿದರೆ ಎದುರಾಳಿಗಳ ಕಣ್ಣಿಗೆ ಬೀಳುತ್ತದೆಂದು ಲಿಂಡ್‌ಗ್ರೆನ್ ಪಟ್ಟಿಯ ಗೊಡವೆಯಿಲ್ಲದ ಮೂವತ್ತು ದಿನದ ಜಾಡು ಹಿಡಿದಿದ್ದ. ಅವಳೂ ಪ್ರಶ್ನಿಸದೆ ಅದನ್ನೇ ತುಳಿದಿದ್ದಳು.

“ಆ ಹಳ್ಳಿಯ ಪತ್ರಗಳು?” ಎಂದು ಕೇಳಿದಳು.

“ಮೂವತ್ತು ದಿನದ ಅರ್ಜಿಗೆ ನಾವು ಅವನ್ನ ಕೇಳೋದೇ ಇಲ್ವಲ್ಲ,” ಎಂದ ಬಿಯೆಲ್ಸ್ಕಿ. “ನಿಜ ಹೇಳ್ಬೇಕಂದ್ರೆ, ನಾನು ತೆಗೆದೂ ನೋಡಿಲ್ಲ.”

ಹನ್ನೆರಡಾಯಿತು, ಏನೂ ನಿಲ್ಲಲಿಲ್ಲ. ಹನ್ನೆರಡೂವರೆಗೆ ಲಿಂಡ್‌ಗ್ರೆನ್ ಬಂದ. ಮುಖ ಸುಣ್ಣದ ಹಾಗಿತ್ತು. ಸೋಮವಾರದಿಂದ ಬರಬೇಕಾಗಿಲ್ಲ ಎಂದ. ಅವಳು ಎದ್ದುನಿಂತು ಅವನ ಕಣ್ಣಲ್ಲಿ ಕಣ್ಣಿಟ್ಟು, ಆಗಲಿ, ಆದರೆ ಈಗ ಒಂದು ಫೋನ್ ಮಾಡಬೇಕು, ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ ಎಂದಳು.

ಬಲಾಸಾಳ ದನಿ ಹಗುರಾಗಿತ್ತು. ಮುದುಕ ಗಂಜಿ ಕುಡಿದನಂತೆ, ಒಣಮೀನು ಬೇಕೆಂದು ಹಟ ಹಿಡಿದಿದ್ದಾನಂತೆ. ಮಂಜು ಸ್ವಲ್ಪ ಸರಿದಿದೆಯಂತೆ. ಮುಂದಿನ ಪತ್ರಕ್ಕೆ ಒಂದು ಮನೆಯನ್ನು ಒಪ್ಪಿಸಿಟ್ಟಿದ್ದೇನೆ, ಯಾವಾಗ ಕಳಿಸಲಿ ಎಂದಳು.

“ಬೇಡ ಕಣೆ. ಇನ್ನು ಯಾರನ್ನೂ ಕೇಳೋಕೆ ಹೋಗ್ಬೇಡ,” ಎಂದು ವರ್ನೆಟಾ ನಡೆದದ್ದನ್ನೆಲ್ಲ ಹೇಳಿದಳು. ಆರು ತಿಂಗಳನ್ನು ಮೊದಲೇ ಕೇಳಬಹುದಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ.



“ಆ ಎಂಟು ಮನೆ ಕತೆ ವಾಪಸ್ ತಗೊಳ್ಳೋಕಾಗುತ್ತಾ?” ಎಂದಳು ಬಲಾಸಾ.

“ಇಲ್ಲ. ಕಡತಕ್ಕೆ ಸೇರಿಹೋಗಿದೆ. ಯಾರು ಬೇಕಾದ್ರೂ ತೆಗೆದು ನೋಡ್ಬಹುದು.”

“ಮೊನ್ನೆ ತಾತಿಯಾನಾ ಸಿಕ್ಕಿದ್ಲು. ನನ್ನ ಮಗೂದು ಓದಿ ಅವ್ರು ಏನಂದ್ರು ಅಂತ ಕೇಳಿದ್ಲು. ಓದಿ ಕಣ್ಣೀರು ಹಾಕಿದ್ರಂತೆ ಅಂದೆ. ಸುಮ್ನೆ ಹೇಳ್ಬಿಟ್ಟೆ.” ಬಲಾಸಾಳ ದನಿ ಗಡುಸಾಯಿತು. “ಈಗ ನೀನು ಹೇಳು. ಯಾರಾದ್ರೂ ಓದಿದ್ರಾ?”

ಒಂದು ಸುಳ್ಳು ಹೇಳಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಅಂಥ ಸುಳ್ಳು ಈ ಕಚೇರಿಯಲ್ಲಿ ಈಗಾಗಲೇ ಎಂಟು ಸಲ ಆಗಿತ್ತು.

“ನಾನೊಬ್ಳು ಓದಿದ್ದೆ,” ಎಂದಳು ವರ್ನೆಟಾ.